ಟಾಕೊ ತಿನ್ನಲು ಟೈರ್ ಸವೆಸುವವರು

ಟೈರ್ ಮಾರುವವನಿಗೆ ಬೇಕಿರುವುದು ಒಂದೇ, ಟೈರ್ ಸವೆಯಬೇಕು. 1900ರಲ್ಲಿ ಇಡೀ ಫ್ರಾನ್ಸಿನಲ್ಲಿ ಮೂರು ಸಾವಿರ ಕಾರುಗಳೂ ಇರಲಿಲ್ಲ. ಇದ್ದಷ್ಟು ಕಾರುಗಳೂ ಮನೆಯ ಮುಂದೆ ಧೂಳು ಹಿಡಿಯುತ್ತ ನಿಂತರೆ ಮಿಶೆಲಿನ್ ಸಹೋದರರ ವ್ಯಾಪಾರ ನಡೆಯುವುದು ಹೇಗೆ? ಪೆಟ್ರೋಲ್ ಎಲ್ಲಿ ಸಿಗುತ್ತದೆ, ಟೈರ್ ಬದಲಿಸುವುದು ಹೇಗೆ, ರಾತ್ರಿ ಎಲ್ಲಿ ತಂಗಬಹುದು ಎಂದೆಲ್ಲ ಬರೆದು ಒಂದು ಕೈಪಿಡಿ ಅಚ್ಚು ಹಾಕಿಸಿ ಪುಕ್ಕಟೆ ಹಂಚಿದರು. 1926ರಲ್ಲಿ ಒಳ್ಳೆಯ ಊಟದ ಹೋಟೆಲುಗಳಿಗೆ ನಕ್ಷತ್ರ ಕೊಡಲು ಶುರು ಮಾಡಿದರು. ಜನ ಊಟಕ್ಕೆಂದು ಊರು ಬಿಟ್ಟು ಹೊರಟರು. ರಬ್ಬರಿಗೆ ಶುಕ್ರದೆಸೆ ತಿರುಗಿತು.

ಅದೇ ಕೈಪಿಡಿ 2024ರ ಮೇ ತಿಂಗಳಲ್ಲಿ ಮೊದಲ ಬಾರಿಗೆ ಮೆಕ್ಸಿಕೊಗೆ ಕಾಲಿಟ್ಟಿತು. ಭಾರಿ ಹೋಟೆಲುಗಳ ನಡುವೆ ಮೆಕ್ಸಿಕೊ ಸಿಟಿಯ ಸಾನ್ ರಫಾಯೆಲ್ ಬಡಾವಣೆಯ ಒಂದು ಟಾಕೊ ಅಂಗಡಿಗೂ, ಅಂದರೆ ರೊಟ್ಟಿಯಲ್ಲಿ ಮಾಂಸವಿಟ್ಟು ಕೊಡುವ ಅಂಗಡಿಗೂ, ನಕ್ಷತ್ರ ಕೊಟ್ಟಿತು. ಹೆಸರು ಎಲ್ ಕಲೀಫಾ ದೆ ಲಿಯೋನ್. 1968ರಿಂದ ಇರುವ ಅಂಗಡಿ. ಅಗಲ ಹತ್ತಡಿ, ಉದ್ದ ಹತ್ತಡಿ. ಸಿಗುವುದು ನಾಲ್ಕೇ ಬಗೆ. ಅದರಲ್ಲಿ ಹೆಸರಾದದ್ದು ಗೂಳಿಕಾಳಗದ ರೊಡೊಲ್ಫೊ ಗವೊನಾನ ಹೆಸರು ಹೊತ್ತ ಗವೊನೆರಾ. ಕಾದ ಕಾವಲಿಯ ಮೇಲೆ ತೆಳ್ಳನೆಯ ದನದ ಮಾಂಸದ ಹಾಳೆ ಚುಂಯ್ ಎಂದು ಬೀಳುತ್ತದೆ. ಮೇಲೆ ಚಿಟಿಕೆ ಉಪ್ಪು, ಹಿಂಡಿದ ನಿಂಬೆಹಣ್ಣು. ಒಮ್ಮೆ ಮಗುಚಿ, ಟೋರ್ಟಿಯಾ ಎಂಬ ಬಿಸಿ ಮೆಕ್ಕೆಜೋಳದ ರೊಟ್ಟಿಯ ಮೇಲೆ ಹಾಕಿ ಕೈಗಿತ್ತರೆ ಮುಗಿಯಿತು. ಸಾಲ್ಸಾ ಎಂಬ ಚಟ್ನಿ ಬೇಕಿದ್ದರೆ ಹಾಕಿಕೊಳ್ಳಿ. ಕುಳಿತು ತಿನ್ನುವ ಏರ್ಪಾಡಿಲ್ಲ.

ನಕ್ಷತ್ರದ ಜೊತೆ ಬಾಣಸಿಗ ಆರ್ತುರೊ ರಿವೆರಾ ಮಾರ್ತಿನೆಸ್ ಅವರಿಗೆ ತುಂಬುತೋಳಿನ ಬಿಳಿ ಕೋಟೂ ಬಂತು. ಮುನ್ನೂರು ಡಿಗ್ರಿ ದಾಟಿದ ಕಾವಲಿಯ ಮುಂದೆ ಅದನ್ನು ತೊಟ್ಟು ನಿಲ್ಲಲು ಯಾರಿಂದಾದೀತು? ಅವರು ತೊಡಲಿಲ್ಲ. ಇಡೀ ಪ್ರಕರಣದಲ್ಲಿ ತಲೆ ನೆಟ್ಟಗಿದ್ದವರು ಅವರೊಬ್ಬರೇ ಎಂದು ನನಗೆ ಆಗಾಗ ಅನ್ನಿಸುತ್ತದೆ.

ಉಳಿದವರ ಕತೆ ನೋಡಿ. ಪುಯೆಬ್ಲಾದ ಒಬ್ಬ ಗೃಹಸ್ಥರು ಒಂದು ದಿನದ ಪ್ರವಾಸಕ್ಕೆ ಹೊರಟಿದ್ದಾರೆ ಎನ್ನಿ. ಮಧ್ಯಪ್ರಾಚ್ಯದಿಂದ ವಲಸೆ ಬಂದವರು ಅವರ ಊರಿನಲ್ಲೇ ಹುಟ್ಟುಹಾಕಿದ ‘ತಾಕೋಸ್ ಆರಾಬೆಸ್’, ಅಂದರೆ ಅರಬ್ ಟಾಕೊ, ಬೀದಿ ಬೀದಿಯಲ್ಲಿ ಘಮಘಮಿಸುತ್ತಿದೆ. ಅವರು ಮೂಗು ಮುಚ್ಚಿಕೊಂಡು ಬಸ್ ಹತ್ತುತ್ತಾರೆ. ಎರಡು ಗಂಟೆಯ ಹಾದಿ. ರಾಜಧಾನಿಯ ಪೂರ್ವದ ಬಸ್ ನಿಲ್ದಾಣದಲ್ಲಿಳಿದರೆ ಸುತ್ತ ಟಾಕೊ ಅಂಗಡಿಗಳು. ಅತ್ತ ಕಣ್ಣೆತ್ತಿಯೂ ನೋಡದೆ ಐದು ಪೆಸೊ ಕೊಟ್ಟು ಮೆಟ್ರೊ ಹಿಡಿದು ಸಾನ್ ಕೋಸ್ಮೆಯಲ್ಲಿ ಮೇಲೆ ಬಂದರೆ, ಮತ್ತೆ ಟಾಕೊ ಅಂಗಡಿಗಳು. ಅಲ್ಲೂ ಕಾವಲಿ, ಅಲ್ಲೂ ನಿಂಬೆಹಣ್ಣು, ಮಾಲೀಕ ಕೈಬೀಸಿ ಕರೆಯುತ್ತಾನೆ. ಇವರು ಅವನ ಮುಂದೆಯೇ ಸರದಿಯಲ್ಲಿ ನಿಲ್ಲುತ್ತಾರೆ, ಅವನ ಅಂಗಡಿಯದಲ್ಲ, ಆ ನಕ್ಷತ್ರದ ಅಂಗಡಿಯದು. ಟಾಕೊ ಹುಟ್ಟಿದ್ದೇ ಹಸಿದವನು ಕೆಲಸದ ನಡುವೆ ನಿಂತಲ್ಲೇ ತಿಂದು ಹೋಗಲಿ ಎಂದು. ಅದನ್ನು ತಿನ್ನಲು ಒಂದಿಡೀ ದಿನ ರಜೆ ಹಾಕಿ ಬಂದವರ ಸಾಲು ಇದು. ವಿಮಾನದಲ್ಲಿ ಬಂದವರೂ ಇದೇ ಸಾಲಿನಲ್ಲಿದ್ದಾರೆ; ಅವರ ಟೈರಿನ ಲೆಕ್ಕವೇ ಬೇರೆ.

ಇಷ್ಟಕ್ಕೂ ಆ ಟೈರ್ ಕಂಪನಿ ಏನು ಹೇಳಿದೆ? ಮೂರು ನಕ್ಷತ್ರವಿದ್ದರೆ ಅದಕ್ಕಾಗಿಯೇ ಪ್ರಯಾಣ ಮಾಡಬಹುದು, ಎರಡಿದ್ದರೆ ಸುತ್ತು ಬಳಸಿಯಾದರೂ ಹೋಗಬಹುದು, ಒಂದೇ ಇದ್ದರೆ ದಾರಿಯಲ್ಲಿ ಸಿಕ್ಕಾಗ ನಿಂತು ತಿನ್ನಬಹುದು. ಈ ಅಂಗಡಿಗೆ ಇರುವುದು ಒಂದು. ಅಂದರೆ ಸರದಿಯಲ್ಲಿ ನಿಂತವರೆಲ್ಲ ಯಾವ ಕೈಪಿಡಿಯನ್ನು ನಂಬಿ ಬಂದರೋ ಅದೇ ಕೈಪಿಡಿಯ ಮಾತು ಮೀರಿ ಬಂದವರು. ಕಂಪನಿ ಇವರನ್ನು ತಡೆಯುವುದಿಲ್ಲ, ಬಿಡಿ. ಪ್ರವಾಸೋದ್ಯಮ ಇಲಾಖೆಗಳಂತೂ ತಡೆಯುವುದೇ ಇಲ್ಲ. ತಮ್ಮ ಸೀಮೆಗೆ ಈ ಕೈಪಿಡಿ ಬರಲೆಂದು ಅವು ಲೋಕದ ಹಲವು ಕಡೆ ದುಡ್ಡು ಸುರಿಯುತ್ತವೆ. 2019ರಲ್ಲಿ ಕ್ಯಾಲಿಫೋರ್ನಿಯದ ಪ್ರವಾಸೋದ್ಯಮ ಮಂಡಳಿ ತೆತ್ತದ್ದು 6 ಲಕ್ಷ ಡಾಲರ್. ಆಕಾಶದಲ್ಲಿರುವ ನಕ್ಷತ್ರ ನೋಡಲು ದೂರದರ್ಶಕ ಸಾಕು, ತಟ್ಟೆಯ ಮೇಲಿನದಕ್ಕೆ ಬಜೆಟ್ ಬೇಕು.

ಅಂತೂ ನಮ್ಮ ಗೃಹಸ್ಥರ ಸರದಿ ಬಂತು. ಬಾಣಸಿಗ ಕೊಟ್ಟಾಗ ಟೋರ್ಟಿಯಾ ಬೆರಳು ಸುಡುವಷ್ಟು ಬಿಸಿ. ಅದನ್ನು ಬಾಯಿಗಿಡಲು ಇವರಿಗೆ ಪುರುಸೊತ್ತಿಲ್ಲ. ಮೇಲಿನಿಂದ ಒಂದು ಫೋಟೊ, ಪಕ್ಕದಿಂದ ಒಂದು, ಫಲಕ ಕಾಣುವಂತೆ ಎತ್ತಿ ಹಿಡಿದು ಇನ್ನೊಂದು. ಫಲಕ ಅರ್ಧ ಕತ್ತರಿಸಿಹೋಗಿದೆ, ಮತ್ತೊಮ್ಮೆ. ಅಷ್ಟರಲ್ಲಿ ಮಾಂಸದ ರಸ ಇಳಿದು ಟೋರ್ಟಿಯಾ ಮೆತ್ತಗಾಗಿದೆ, ನಿಂಬೆಯ ಘಮ ಹಾರಿಹೋಗಿದೆ. ಸುಮಾರು ಐದು ಡಾಲರ್ ಬೆಲೆಯ ಆ ಟಾಕೊವನ್ನು ನಾಲ್ಕು ತುತ್ತಿಗೆ ಮುಗಿಸಿ ಅವರು ಬಸ್ಸಿಗೆ ಓಡುತ್ತಾರೆ.

ಮರಳುವ ಹಾದಿಯಲ್ಲಿ ಮೊಬೈಲ್ ತೆಗೆದು ಅಭಿಪ್ರಾಯ ಬರೆಯುತ್ತಾರೆ. ಜಾಗ ಇಕ್ಕಟ್ಟು, ಕುರ್ಚಿಯಿಲ್ಲ, ಟಾಕೊ ತಣ್ಣಗಿತ್ತು. ಐದರಲ್ಲಿ ಎರಡು ನಕ್ಷತ್ರ. ಕಂಪನಿ ಕೊಟ್ಟದ್ದು ಒಂದು, ಇವರು ಕೊಟ್ಟದ್ದು ಎರಡು, ಕೂಡಿದರೆ ಮೂರು. ಕೈಪಿಡಿಯ ಪ್ರಕಾರ ಇನ್ನು ಮುಂದೆ ಆ ಅಂಗಡಿಗೆಂದೇ ಪ್ರಯಾಣ ಮಾಡಲು ಯಾವ ಅಡ್ಡಿಯೂ ಇಲ್ಲ.