ಚೀಲ ತೆಗೆಸುವ ಮುಂಚೆ ರಿಪೋರ್ಟ್ ಕೇಳಿ

ನನ್ನ ಗರ್ಭಚೀಲದಲ್ಲಿದ್ದ ಪಾಲಿಪ್ ಅನ್ನೋ ಸಣ್ಣ ಮಾಂಸದ ಗಂಟು ತೆಗೆದು, ಒಳಪದರ ಕೆರೆದು ಸ್ವಚ್ಛ ಮಾಡಿದರು. ಎಲ್ಲರೂ ಡಿ ಅಂಡ್ ಸಿ ಅಂತಾರಲ್ಲ, ಅದೇ. ಹೊಟ್ಟೆ ಕೊಯ್ಯಲಿಲ್ಲ, ಹೊಲಿಗೆ ಇಲ್ಲ, ಸಂಜೆಗೇ ಮನೆಗೆ ಕಳಿಸಿದರು. ಆಮೇಲೂ ಕೆಲವು ದಿನ ಸ್ವಲ್ಪ ಸ್ವಲ್ಪ ರಕ್ತ ಹೋಗುತ್ತಿತ್ತು. ಅಷ್ಟಕ್ಕೇ ನೋಡಲು ಬಂದವರದೆಲ್ಲ ಒಂದೇ ಮಾತು: "ಎಷ್ಟು ದಿನ ಒದ್ದಾಡ್ತಿ? ಚೀಲನೇ ತೆಗೆಸಿಬಿಡವ್ವ, ಕಾಟ ಹೋಗ್ತದ."

ಈ ಮಾತು ಕೇಳಿದರೆ ನನಗೆ ಭಯವಾಗುತ್ತದೆ. ಬೆನ್ನುನೋವು, ಬಿಳಿ ಹೋಗುತ್ತದೆ ಅಂತ ಆಸ್ಪತ್ರೆಗೆ ಹೋದ ನಮ್ಮ ಕಲಬುರಗಿ ತಾಂಡಾಗಳ ಎಷ್ಟೋ ಹೆಣ್ಣುಮಕ್ಕಳು 40 ತುಂಬುವ ಮೊದಲೇ ಗರ್ಭಚೀಲ ಕಳೆದುಕೊಂಡರು. ಇಂಥ ಬೇಡದ ಆಪರೇಷನ್ ತಡೆಯುವ ಮಾರ್ಗಸೂಚಿ ಜಾರಿ ಮಾಡಿ ಅಂತ 2023ರಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಹೇಳಬೇಕಾಯಿತು. ಕ್ಯಾನ್ಸರ್ ಇದ್ದರೆ, ಯಾವ ಔಷಧಕ್ಕೂ ರಕ್ತ ನಿಲ್ಲದಿದ್ದರೆ ತೆಗೆಸಬೇಕಾಗಬಹುದು, ಒಪ್ತೀನಿ. ಆದರೆ ಸಣ್ಣ ವಯಸ್ಸಿನಲ್ಲೇ ಅಂಡಾಶಯವನ್ನೂ ಸೇರಿಸಿ ತೆಗೆದರೆ ಮೈಯೆಲ್ಲ ಬಿಸಿಯಾಗಿ ಬೆವರುವುದು, ಮೂಳೆ ಸವೆಯುವುದು ಬೇಗ ಶುರುವಾಗುತ್ತದೆ. ಹೊಲದಲ್ಲಿ ದುಡಿಯುವವಳಿಗೆ ಅದು ಸಣ್ಣ ಕಷ್ಟವಾ?

ಕೆರೆದ ಮೇಲೆ ಒಳಪದರ ಮತ್ತೆ ಬೆಳೆಯಬೇಕಲ್ವಾ? ಅದಕ್ಕೇ ಮುಂದಿನ ಮುಟ್ಟು ಸಾಮಾನ್ಯವಾಗಿ 4ರಿಂದ 6 ವಾರಕ್ಕೆ ಬರುತ್ತದೆ. ಮೊದಲ ಸಲ ಜಾಸ್ತಿ ಹೋಗಬಹುದು, ನೋವೂ ಇರಬಹುದು. ಅದನ್ನು ನೋಡಿ ಆಪರೇಷನ್ ಕೆಟ್ಟಿತು ಅಂತ ಗಾಬರಿಯಾಗಬೇಡಿ. ಆದರೆ ಗಂಟೆಗೊಂದು ಪ್ಯಾಡ್ ಪೂರ್ತಿ ತೊಯ್ದು ಎರಡು ಗಂಟೆಯಾದರೂ ಕಡಿಮೆಯಾಗದಿದ್ದರೆ, ಜ್ವರ 100.4 ಡಿಗ್ರಿ ದಾಟಿದರೆ, ಕೆಟ್ಟ ವಾಸನೆ ಬಂದರೆ, ಹೊಟ್ಟೆನೋವು ಏರುತ್ತಲೇ ಹೋದರೆ ಬೆಳಗಾಗುವ ತನಕ ಕಾಯಬೇಡಿ. ಎರಡು ತಿಂಗಳಾದರೂ ಮುಟ್ಟು ಬರದಿದ್ದರೆ ತೋರಿಸಿ. ಒಳಗೆ ಗಾಯದ ಕಲೆಯಾಗಿ ಗರ್ಭಚೀಲದ ಗೋಡೆಗಳು ಅಂಟಿಕೊಳ್ಳುವುದುಂಟು. ಅಪರೂಪ, ಆದರೂ ಚಿಕಿತ್ಸೆ ಇದೆ.

ತೆಗೆದ ತುಣುಕನ್ನು ಬಯಾಪ್ಸಿಗೆ, ಅಂದರೆ ಕ್ಯಾನ್ಸರ್ ಇದೆಯಾ ಅಂತ ಲ್ಯಾಬಿನಲ್ಲಿ ನೋಡಲು ಕಳಿಸುತ್ತಾರೆ. ಆ ರಿಪೋರ್ಟ್ ಕೇಳಿ ತಗೊಳ್ಳಿ. ಆಸ್ಪತ್ರೆ ಫೈಲಿನಲ್ಲೇ ಬಿಟ್ಟು ಬರಬೇಡಿ. ನನ್ನ ರಿಪೋರ್ಟಿನಲ್ಲಿ ಕ್ಯಾನ್ಸರ್ ಲಕ್ಷಣ ಇಲ್ಲ ಅಂತ ಒಂದು ಸಾಲಿತ್ತು. ನಮ್ಮತ್ತೆ ನನ್ನ ಕೈಲಿ ಅದನ್ನು ಎರಡು ಸಲ ಓದಿಸಿಕೊಂಡರು. ಆಮೇಲೆ ಚೀಲದ ಮಾತೆತ್ತಿದವರಿಗೆಲ್ಲ ಅವರೇ ಉತ್ತರ ಕೊಟ್ಟರು.

ರಕ್ತ ಜಾಸ್ತಿ ಹೋದವರು ಹಿಮೋಗ್ಲೋಬಿನ್ ನೋಡಿಸಿ. 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಕಬ್ಬಿಣದ ಮಾತ್ರೆ ಕೊಟ್ಟರೆ ಚಹಾದ ಜೊತೆ ನುಂಗಬೇಡಿ, ಮೈಗೆ ಹತ್ತುವುದಿಲ್ಲ. ನಿಂಬೆಹಣ್ಣಿನ ನೀರು ಒಳ್ಳೆಯದು.

ಡಾಕ್ಟರೇ ಚೀಲ ತೆಗೆಯೋಣ ಅಂದರೂ ಅವತ್ತೇ ಸಹಿ ಹಾಕಬೇಡಿ. ಜೀವಕ್ಕೆ ತುರ್ತು ಇಲ್ಲದಿದ್ದರೆ ರಿಪೋರ್ಟ್ ಹಿಡ್ಕೊಂಡು ಇನ್ನೊಬ್ಬರಿಗೆ ತೋರಿಸಿ. ಕಲಬುರಗಿಯಲ್ಲಿ ಜಿಮ್ಸ್ ಸರ್ಕಾರಿ ಆಸ್ಪತ್ರೆ ಇದೆ, ಬೀದರಿನವರಿಗೆ ಬ್ರಿಮ್ಸ್ ಸರ್ಕಾರಿ ಆಸ್ಪತ್ರೆ ಇದೆ. ಒಬ್ಬರೇ ಹೋಗಲು ಅಂಜಿಕೆಯಾದರೆ ನಿಮ್ಮೂರಿನ ಆಶಾ ಅಕ್ಕನನ್ನು ಜೊತೆಗೆ ಕರ್ಕೊಂಡು ಹೋಗಿ.