ಅಂತೆಕಂತೆಗಳ ಮಹಾರಾಣಿ

ನಮ್ಮ ಷಡ್ಡಕರು ಲಂಡನ್ನಿಗೆ ಹೋಗಿದ್ದಾರೆ. ಹೋದವರು ಸುಮ್ನೆ ತಿರುಗಾಡಿಕೊಂಡು ಬರಬಹುದಿತ್ತು. ಚೇರಿಂಗ್ ಕ್ರಾಸ್ ಸ್ಟೇಷನ್ ಮುಂದೆ ನಿಂತು ಫೋಟೊ ಹೊಡೆಸಿಕೊಂಡು ಫ್ಯಾಮಿಲಿ ಗ್ರೂಪಿಗೆ ಹಾಕಿದ್ದಾರೆ. ಬೆನ್ನ ಹಿಂದೆ ತೇರಿನ ಹಾಗೆ ಚೂಪಾಗಿ ಏರಿದ ಕಲ್ಲಿನ ಗೋಪುರ. ಕೆಳಗೆ ಒಕ್ಕಣೆ: 'ಇದು ಲಂಡನ್ನಿನ ತಾಜ್ ಮಹಲ್. ರಾಜ ಎಡ್ವರ್ಡ್ ತೀರಿಹೋದ ಹೆಂಡತಿ ಎಲಿನಾರ್‌ಗೆ ಕಟ್ಟಿಸಿದ್ದು. ಫ್ರೆಂಚಿನಲ್ಲಿ ಅವಳನ್ನು ಷೇರ್ ರೇನ್, ಅಂದರೆ ಮುದ್ದಿನ ರಾಣಿ ಅನ್ನುತ್ತಿದ್ದ. ಅದೇ ಚೇರಿಂಗ್ ಆಯಿತು. ಹೆಂಡತಿಯನ್ನು ಪ್ರೀತಿಸುವವರೆಲ್ಲ ಶೇರ್ ಮಾಡಿ.'

ಹದಿನಾಲ್ಕು ಕೆಂಪು ಹೃದಯ ಬಂದವು. ನಾನು ಶೇರ್ ಮಾಡಲಿಲ್ಲ. ಅದಕ್ಕೆ ಮನೆಯಲ್ಲಿ ಏನಾಯಿತು ಅನ್ನೋದು ಇಲ್ಲಿ ಬೇಡ.

ಷಡ್ಡಕರು ಭಾವುಕರಾಗಿ ನಿಂತದ್ದು ರೈಲ್ವೆ ಹೋಟೆಲಿನ ಅಂಗಳದ ಅಲಂಕಾರದ ಮುಂದೆ. ರಾಣಿ ಸತ್ತದ್ದು 1290ರಲ್ಲಿ. ಈ ಗೋಪುರ ಎದ್ದದ್ದು 1860ರ ದಶಕದಲ್ಲಿ, ಸ್ಟೇಷನ್ನು, ಹೋಟೆಲ್ಲು ಎರಡೂ ಹೊಸದಾಗಿ ಎದ್ದಾಗ, ರಾಜ ನಿಲ್ಲಿಸಿದ್ದ ಹಳೆಯ ಶಿಲುಬೆಯ ನೆನಪಿಗೆ ಅಂತ. ಹಳೆಯ ಶಿಲುಬೆ ಇದ್ದದ್ದು ಸ್ವಲ್ಪ ಆಚೆ, ಈಗ ಟ್ರಾಫಲ್ಗರ್ ಚೌಕ ಇರುವ ಕಡೆ. ಅದನ್ನು 1647ರಲ್ಲಿ ಪಾರ್ಲಿಮೆಂಟಿನವರು ಕೆಡವಿಸಿದರು. ಈಗ ಆ ಜಾಗದಲ್ಲಿ ಇನ್ನೊಬ್ಬ ರಾಜ, ಒಂದನೇ ಚಾರ್ಲ್ಸ್, ಕುದುರೆ ಮೇಲೆ ಕೂತಿದ್ದಾನೆ.

ಇನ್ನು ಹೆಸರು. ರಾಣಿ ಹುಟ್ಟುವ ಮೊದಲೇ ಆ ಹಳ್ಳಿಗೆ ಚೇರಿಂಗ್ ಅಂತ ಹೆಸರಿತ್ತು. ಹಳೆಯ ಇಂಗ್ಲಿಷಿನಲ್ಲಿ ತಿರುವು ಅಂತ ಅರ್ಥ. ಥೇಮ್ಸ್ ನದಿ ಅಲ್ಲಿ ಸೊಂಟ ತಿರುಗಿಸುತ್ತದೆ, ಅಷ್ಟೇ. ಆದರೆ 'ಹೊಳೆ ತಿರುವು' ಅಂದರೆ ಯಾರು ಹೃದಯ ಕಳಿಸುತ್ತಾರೆ?

ನಗೋಕೆ ನಮಗೂ ಮುಖ ಇಲ್ಲ ಬಿಡಿ. ಬೇಗೂರಿನ ವೀರಗಲ್ಲಿನಲ್ಲಿ ಸುಮಾರು 890ರ ಹೊತ್ತಿಗೇ 'ಬೆಂಗಳೂರು ಕಾಳಗ' ಅಂತ ಕೆತ್ತಿದ್ದಾರೆ. ವೀರಬಲ್ಲಾಳ ಬಂದದ್ದು ಅದಾಗಿ ಸುಮಾರು ಮುನ್ನೂರು ವರ್ಷಕ್ಕೆ. ಆದರೂ ನಮ್ಮ ಅಜ್ಜಿ ಇವತ್ತಿಗೂ ಒಲೆ ಮುಂದೆ ಕೂತು ಅವನಿಗೆ ಬೆಂದ ಕಾಳು ಬಡಿಸುತ್ತಲೇ ಇದ್ದಾಳೆ. ಕಾಳು ಆರಿದೆ, ರಾಜ ಎದ್ದಿಲ್ಲ.

ಎಲಿನಾರ್ ಮೂಲದಲ್ಲಿ ಸ್ಪೇನಿನ ಕ್ಯಾಸ್ಟೀಲಿನವಳು. ಹಾಗಾಗಿ ಲಂಡನ್ನಿನ ಇನ್ನೊಂದು ಏರಿಯಾ 'ಎಲಿಫೆಂಟ್ ಅಂಡ್ ಕ್ಯಾಸಲ್' ಕೂಡ ಅವಳದ್ದೇ ಅಂತೆ. 'ಇನ್ಫಾಂತಾ ದೆ ಕಾಸ್ತೀಯಾ', ಅಂದರೆ ಕ್ಯಾಸ್ಟೀಲಿನ ರಾಜಕುಮಾರಿ, ಜನರ ಬಾಯಲ್ಲಿ ಸವೆದು ಸವೆದು ಆನೆ ಆಯಿತಂತೆ! ಅದು ಅಲ್ಲಿದ್ದ ಒಂದು ಛತ್ರದ ಹೆಸರು. ಬೆನ್ನ ಮೇಲೆ ಕೋಟೆ ಹೊತ್ತ ಆನೆಯ ಚಿತ್ರ ಅಲ್ಲಿನ ಚಾಕು-ಕತ್ತಿ ಮಾಡುವವರ ಸಂಘದ ಲಾಂಛನದಲ್ಲೂ ಇದೆ. ದಸರಾ ಅಂಬಾರಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ಇದೆಲ್ಲಕ್ಕಿಂತ ಸೊಗಸಾದದ್ದು ವಿಷದ ಕಥೆ. 1272ರಲ್ಲಿ, ಈಗಿನ ಇಸ್ರೇಲಿನಲ್ಲಿರುವ ಏಕರ್ ಪಟ್ಟಣದಲ್ಲಿ, ಹಂತಕನೊಬ್ಬ ಎಡ್ವರ್ಡ್‌ಗೆ ವಿಷ ಹಚ್ಚಿದ ಚೂರಿಯಿಂದ ತಿವಿದ. ಎಲಿನಾರ್ ಗಾಯಕ್ಕೆ ಬಾಯಿಟ್ಟು ವಿಷ ಹೀರಿ ಗಂಡನನ್ನು ಉಳಿಸಿದಳಂತೆ. ಅಪ್ಪಟ ಸತಿ ಸಾವಿತ್ರಿ. ಇದು ಎಷ್ಟೋ ವರ್ಷ ಆದ ಮೇಲೆ ಒಬ್ಬ ಇಟಲಿಯ ಪಾದ್ರಿ 'ಹೀಗಂತೆ' ಅಂತ ಬರೆದಿಟ್ಟದ್ದು. ಇಂಗ್ಲೆಂಡಿನ ಒಂದು ಹಳೆಯ ವೃತ್ತಾಂತ ಹೇಳುವುದೇ ಬೇರೆ. ವೈದ್ಯ ಕೊಳೆತ ಮಾಂಸ ಕತ್ತರಿಸಿ ತೆಗೆಯಬೇಕಿತ್ತು, ಅಳುತ್ತಿದ್ದ ರಾಣಿಯನ್ನು ಮೊದಲು ಹೊರಗೆ ಕರೆದುಕೊಂಡು ಹೋದರು. ಪಾಪ, ಗಾಬರಿಯಾಗಿ ಅತ್ತಿದ್ದಾಳೆ. ಯಾವ ಹೆಂಡತಿ ಅಳಲ್ಲ? ಆದರೆ ಬರೀ ಅತ್ತರೆ ಫಾರ್ವರ್ಡಿಗೆ ಸಾಲಲ್ಲ.

ಪ್ರೀತಿ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಲಿಂಕನ್ ಅನ್ನೋ ಊರಿನ ಹತ್ತಿರ ಸತ್ತ ಹೆಂಡತಿಯ ಹೆಣ ವೆಸ್ಟ್‌ಮಿನ್ಸ್ಟರಿಗೆ ಬರುವ ದಾರಿಯಲ್ಲಿ ರಾತ್ರಿ ತಂಗಿದಲ್ಲೆಲ್ಲ ರಾಜ ಒಂದೊಂದು ಶಿಲುಬೆ ನಿಲ್ಲಿಸಿದ. ಒಟ್ಟು 12. ಉಳಿದಿರುವುದು ಮೂರು. ಷಡ್ಡಕರು ಆ ಮೂರರ ಕಡೆ ತಲೆ ಹಾಕಿಲ್ಲ, ಮೆಟ್ರೊ ಹೋಗಲ್ಲವಂತೆ.

ಆದರೆ ಈ ಮುದ್ದಿನ ರಾಣಿಗೆ ಜಮೀನಿನ ಹಸಿವು ಜಾಸ್ತಿ. ರಾಜ ಸಾಲ ಕೊಡುವ ಯಹೂದಿಗಳ ಮೇಲೆ ತೆರಿಗೆ ಹೇರಿ ಹಿಂಡುತ್ತಿದ್ದ. ಅವರ ಹತ್ತಿರ ಜಮೀನು ಅಡವಿಟ್ಟವರ ಸಾಲಪತ್ರ ರಾಣಿ ಕೈಗೆ ಬರುತ್ತಿತ್ತು. ಸಾಲ ತೀರಿಸೋಕೆ ಆಗದವನ ಹೊಲಮನೆ ಅವಳ ಪಾಲು. ರಾಜನಿಗೆ ನಮ್ಮ ದುಡ್ಡು ಬೇಕು, ರಾಣಿಗೆ ನಮ್ಮ ಜಮೀನು ಬೇಕು ಅಂತ ಜನ ಪದ ಕಟ್ಟಿದ್ದರು. ಆರ್ಚ್‌ಬಿಷಪ್ ಪೆಕಮ್, ಇದು ಮಹಾಪಾಪ ಕಣಮ್ಮ ಅಂತ ಕಾಗದ ಬರೆದ. ಅವಳು ಸತ್ತ ಮೇಲೆ ಅವಳ ಅಧಿಕಾರಿಗಳ ಅನ್ಯಾಯದ ಮೇಲೆ ಸ್ವತಃ ಗಂಡನೇ ತನಿಖೆ ಮಾಡಿಸಿದ. ಹಿಂಡುವಷ್ಟು ಹಿಂಡಿದ ಮೇಲೆ, 1290ರ ಜುಲೈ 18ರಂದು ಇದೇ ಎಡ್ವರ್ಡ್ ಯಹೂದಿಗಳೆಲ್ಲ ದೇಶ ಬಿಡಬೇಕು ಅಂದ. ನವೆಂಬರ್ 1 ಗಡುವು. ಮುದುಕರು, ಮಕ್ಕಳು, ಗಂಟುಮೂಟೆ ಸಮೇತ ಹಡಗು ಹತ್ತಿದರು. ಗಡುವು ಮುಗಿದ 27ನೇ ದಿನ ರಾಣಿ ತೀರಿಕೊಂಡಳು.

ಅವಳಿಗೆ 12 ಶಿಲುಬೆ. ಅವರಿಗೆ ಒಂದು ಕಲ್ಲೂ ನಿಲ್ಲಿಸಲಿಲ್ಲ. ಏಳುನೂರು ವರ್ಷ ಆದ ಮೇಲೂ ನಾವು ಅವಳಿಗೇ ಹೃದಯ ಒತ್ತುತ್ತಾ ಕೂತಿದ್ದೇವೆ. ಸಾಕಾಗಿಹೋಗಿದೆ ಕಣ್ರೀ.

ಇಷ್ಟನ್ನೂ ಗ್ರೂಪಿನಲ್ಲಿ ಬರೆದೆ. ಅರ್ಧ ಗಂಟೆ ಎಲ್ಲರೂ ಗಪ್‌ಚಿಪ್. ಆಮೇಲೆ ಷಡ್ಡಕರಿಂದ ಕೈಮುಗಿದ ಒಂದು ಚಿತ್ರ. ಕೊನೆಗೆ ನಮ್ಮ ಅತ್ತೆಯ ವಾಯ್ಸ್ ಮೆಸೇಜ್: 'ಅದೇನೋ ಹೋಟೆಲ್ ಅಂದ್ರಲ್ಲ ಅಳಿಯಂದ್ರೇ, ಅಲ್ಲಿ ಇಡ್ಲಿ ಸಿಗುತ್ತಂತಾ?'