ಮೊದಲು ಇಳಿದವರನ್ನು ಏನು ಕೇಳಬೇಕು?

ಪ್ಯಾರಾಚೂಟ್ ಪಡೆ ಶತ್ರುನೆಲಕ್ಕೆ ಧುಮುಕುವ ಮೊದಲೇ ಅಲ್ಲಿ ಕೆಲವೇ ಮಂದಿ ಇಳಿದಿರುತ್ತಾರೆ. ಅವರು ಪಾಥ್‌ಫೈಂಡರ್‌ಗಳು. ಗಾಳಿಯ ದಿಕ್ಕು, ವೇಗ ನೋಡಿ, ಬಯಲಿನಲ್ಲಿ ಮರವೋ ತಂತಿಯೋ ಅಡ್ಡವಿದೆಯೇ ಎಂದು ಪರೀಕ್ಷಿಸಿ, ಹಿಂದೆ ಬರುವ ವಿಮಾನಗಳಿಗೆ ದೀಪದಿಂದಲೋ ರೇಡಿಯೊ ಸಂಕೇತದಿಂದಲೋ ಜಾಗ ತೋರಿಸುವುದು ಅವರ ಹೊಣೆ.

1944ರ ಜೂನ್ 6ರಂದು, ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ, ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸಿನ ನಾರ್ಮಂಡಿಯಲ್ಲಿ ಇಳಿದ ಅಮೆರಿಕನ್ ಪಾಥ್‌ಫೈಂಡರ್ ತಂಡಗಳ ಬಳಿ ‘ಯುರೇಕಾ’ ಎಂಬ ರೇಡಿಯೊ ಸಾಧನವಿತ್ತು. ಅದರ ಸಂಕೇತವನ್ನು ವಿಮಾನದೊಳಗಿನ ‘ರೆಬೆಕಾ’ ಹಿಡಿಯುತ್ತಿತ್ತು. ನೆಲದ ಮೇಲೆ ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ದೀಪಗಳನ್ನಿಡಬೇಕಿತ್ತು. ಮೋಡ ಮತ್ತು ಗುಂಡಿನ ದಾಳಿಯಿಂದ ಹಲವು ತಂಡಗಳು ಗೊತ್ತುಪಡಿಸಿದ ಜಾಗ ತಪ್ಪಿದವು, ಹಿಂದೆ ಬಂದ ಸಾವಿರಾರು ಸೈನಿಕರೂ ಚದುರಿಹೋದರು. 1971ರ ಡಿಸೆಂಬರ್ 11ರಂದು ನಮ್ಮ ಸೇನೆಯ 2 ಪ್ಯಾರಾ ಬೆಟಾಲಿಯನ್ ಈಗಿನ ಬಾಂಗ್ಲಾದೇಶದ ಟಂಗೈಲ್ ಬಳಿ ಇಳಿದು ಪೂಂಗ್ಲಿ ಸೇತುವೆಯನ್ನು ವಶಪಡಿಸಿಕೊಂಡಾಗಲೂ ಮುಂದಾಗಿ ಧುಮುಕಿದ್ದವರು ಪಾಥ್‌ಫೈಂಡರ್‌ಗಳೇ.

ಕಾರವಾರದವರಿಗೆ ಈ ಬಗೆಯ ಶೌರ್ಯ ಹೊಸತಲ್ಲ. ನಮ್ಮ ಚೆಂಡಿಯಾದ ರಾಮ ರಾಘೋಬಾ ರಾಣೆಯವರು ಪ್ಯಾರಾ ಸೈನಿಕರಲ್ಲ, ಸೇನೆಯ ಎಂಜಿನಿಯರ್ ದಳವಾದ ಬಾಂಬೆ ಸ್ಯಾಪರ್ಸ್‌ನವರು. ಆದರೆ 1948ರ ಏಪ್ರಿಲ್‌ನಲ್ಲಿ ಜಮ್ಮು–ಕಾಶ್ಮೀರದ ನೌಶೇರಾ–ರಜೌರಿ ದಾರಿಯಲ್ಲಿ, ಟ್ಯಾಂಕಿನ ಅಡಿಯಲ್ಲಿ ತೆವಳುತ್ತ, ಹಗ್ಗ ಎಳೆದು ಚಾಲಕನಿಗೆ ಸನ್ನೆ ಕೊಡುತ್ತ, ಹುಗಿದಿಟ್ಟ ಸಿಡಿಗುಂಡುಗಳ ನಡುವೆ ಅದನ್ನು ದಾಟಿಸಿದ ಅವರಿಗೆ ಪರಮವೀರ ಚಕ್ರ ಸಂದದ್ದು ದಾರಿ ಮಾಡಿಕೊಟ್ಟದ್ದಕ್ಕೇ. ಟ್ಯಾಗೋರ್ ಕಡಲತೀರದಲ್ಲಿರುವ ಅವರ ಪ್ರತಿಮೆಯ ಮುಂದೆ ಮಕ್ಕಳಿಗೆ ಆ ಹಗ್ಗದ ಕತೆಯನ್ನು ಹೇಳಲೇಬೇಕು.

ನನ್ನ ತಕರಾರು ಇಷ್ಟೇ: ನಾವು ಮಾಜಿ ಸೈನಿಕರನ್ನು ಸ್ವಾತಂತ್ರ್ಯೋತ್ಸವಕ್ಕೆ ಕರೆಯುತ್ತೇವೆ, ಶಾಲು ಹೊದಿಸುತ್ತೇವೆ, “ಎರಡು ಮಾತು ಆಡಿ” ಎಂದು ಕೂರಿಸುತ್ತೇವೆ. ಮಾತಿಗೆ ಸಿಕ್ಕರೆ ಎಷ್ಟು ಶತ್ರುಗಳನ್ನು ಕೊಂದಿರಿ ಎಂದು ಕೇಳುತ್ತೇವೆ. ಮುಂದೆ ಹೋಗಿ ನೆಲ ಪರೀಕ್ಷಿಸಿದವರಿಗೆ ಆ ಪ್ರಶ್ನೆಯಿಂದ ನ್ಯಾಯವಾಗುವುದಿಲ್ಲ. ಕತ್ತಲಲ್ಲಿ ಜಾಗವನ್ನು ಹೇಗೆ ಗುರುತಿಸಿದಿರಿ, ಗಾಳಿ ತಿರುಗಿದರೆ ಏನು ಮಾಡುತ್ತಿದ್ದಿರಿ, ವಿಮಾನದ ಸದ್ದು ಕೇಳುವವರೆಗೆ ಹೊತ್ತು ಹೇಗೆ ಕಳೆಯಿತು ಎಂದು ಕೇಳಬೇಕು. 1971ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರು ಈಗ ಎಪ್ಪತ್ತು ದಾಟಿದ್ದಾರೆ. ಕಾರವಾರ, ಶಿರಸಿಯ ಕಾಲೇಜುಗಳ ಇತಿಹಾಸ ವಿಭಾಗದವರು ವಿದ್ಯಾರ್ಥಿಗಳನ್ನು ಅವರ ಮನೆಗೆ ಕಳುಹಿಸಲಿ. ಕೊಂಕಣಿಯಾಗಲಿ, ಹವ್ಯಕ ಕನ್ನಡವಾಗಲಿ, ಅವರು ಮನೆಯಲ್ಲಾಡುವ ಮಾತಿನಲ್ಲೇ, ನಡುವೆ ಬಾಯಿ ಹಾಕದೆ, ಪೂರ್ತಿ ಧ್ವನಿಮುದ್ರಿಸಿಕೊಳ್ಳಲಿ.